ಸೀಲಿಯಾಕ್ ಕಾಯಿಲೆ ಮತ್ತು ಮೂರ್ಛೆರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಟ್ಸ್ ಬಂದರೆ ನರರೋಗದ ಡಾಕ್ಟರ ಹತ್ತಿರ ಹೋಗುತ್ತೇವೆ. ಹೊಟ್ಟೆ ಕೆಟ್ಟರೆ ಹೊಟ್ಟೆಯ ಡಾಕ್ಟರ ಹತ್ತಿರ. ಎರಡೂ ಒಂದೇ ಕಾರಣದಿಂದ ಬಂದಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಸೀಲಿಯಾಕ್‌ಗೂ ಮೂರ್ಛೆರೋಗಕ್ಕೂ ಇರುವ ನಂಟು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಗೊತ್ತೇ ಆಗದೆ ಉಳಿಯುವುದು ಇದರಿಂದಲೇ.

ಓದುವ ಮೊದಲು ಎರಡು ಮಾತು. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತಪರೀಕ್ಷೆ ಆಗುವ ಮೊದಲು ಗೋಧಿ ಬಿಡಬೇಡಿ. ಯಾಕೆ ಅನ್ನುವುದು ಕೆಳಗಿದೆ. ಉಳಿದದ್ದೆಲ್ಲ ಮರೆತರೂ ಇವೆರಡು ನೆನಪಿರಲಿ.

ಸೀಲಿಯಾಕ್ ಕಾಯಿಲೆ ಅಂದರೆ ಏನು?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯದಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇರುತ್ತದೆ. ಹಿಟ್ಟು ಕಲಸಿದಾಗ ಅಂಟು ಬರುವುದು ಇದರಿಂದಲೇ. ಸೀಲಿಯಾಕ್ ಇರುವವರು ಗ್ಲುಟನ್ ತಿಂದಾಗ ಅವರ ರೋಗನಿರೋಧಕ ವ್ಯವಸ್ಥೆ ತಮ್ಮದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ನೂಲಿನಂತೆ ಎದ್ದು ನಿಂತಿರುವ ಸಣ್ಣ ಸಣ್ಣ ಎಳೆಗಳಿರುತ್ತವೆ. ಆಹಾರದ ಸತ್ವವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾದಾಗ ಎಷ್ಟು ಚೆನ್ನಾಗಿ ಉಂಡರೂ ಕಬ್ಬಿಣ, ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್), ಬೇರೆ ವಿಟಮಿನ್‌ಗಳು ಮೈಗೆ ಸೇರುವುದಿಲ್ಲ.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ. ಅವರಲ್ಲಿ ತುಂಬಾ ಜನಕ್ಕೆ ಅದು ತಮಗಿದೆ ಅಂತ ಗೊತ್ತಿಲ್ಲ. ಗೋಧಿಯೇ ಇದಕ್ಕೆ ಕಾರಣ ಅಂತ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕ್. ಅವರ ಪ್ರಬಂಧ ಬಂದದ್ದು 1950ರಲ್ಲಿ.

ಇದು ಗೋಧಿ ಅಲರ್ಜಿ ಅಲ್ವಾ?

ಅಲ್ಲ. ಅಲರ್ಜಿ ಆದರೆ ತಿಂದ ಸ್ವಲ್ಪ ಹೊತ್ತಿಗೇ ತುರಿಕೆ, ಊತ, ಉಸಿರಾಟದ ತೊಂದರೆ ಕಾಣಿಸುತ್ತದೆ. ಸೀಲಿಯಾಕ್ ನಿಧಾನವಾಗಿ, ತಿಂಗಳು ವರ್ಷಗಳ ಕಾಲ ಹಾನಿ ಮಾಡುತ್ತದೆ. ಎರಡರ ಪರೀಕ್ಷೆಯೂ ಬೇರೆ ಬೇರೆ.

ಹೊಟ್ಟೆಯ ಕಾಯಿಲೆಗೂ ಮಿದುಳಿಗೂ ಏನು ಸಂಬಂಧ?

ಸೀಲಿಯಾಕ್ ಕರುಳಲ್ಲಿ ಶುರುವಾಗುತ್ತದೆ, ಆದರೆ ಅಲ್ಲೇ ನಿಲ್ಲುವುದಿಲ್ಲ. ಚರ್ಮ, ಮೂಳೆ, ಲಿವರ್, ನರ ಎಲ್ಲದಕ್ಕೂ ತಗಲಬಹುದು. ಇಂಗ್ಲೆಂಡಿನ ಕುಕ್ ಮತ್ತು ಸ್ಮಿತ್ ಅನ್ನುವ ಇಬ್ಬರು ಡಾಕ್ಟರುಗಳು 1966ರಲ್ಲೇ, ನರಗಳಿಗೆ ತೊಂದರೆಯಾಗಿದ್ದ 16 ಸೀಲಿಯಾಕ್ ರೋಗಿಗಳ ಬಗ್ಗೆ ವಿವರವಾಗಿ ಬರೆದಿದ್ದರು.

ಮಿದುಳಿಗೆ ಹೇಗೆ ತಗಲುತ್ತದೆ ಅನ್ನುವುದಕ್ಕೆ ಎರಡು ದಾರಿಗಳನ್ನು ಮುಖ್ಯವಾಗಿ ಹೇಳುತ್ತಾರೆ. ಮೊದಲನೆಯದು ರೋಗನಿರೋಧಕ ವ್ಯವಸ್ಥೆಯ ದಾರಿ. ಸೀಲಿಯಾಕ್‌ನಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಅನ್ನುವ ಕಿಣ್ವದ ವಿರುದ್ಧ ಆಂಟಿಬಾಡಿಗಳು ಹುಟ್ಟುತ್ತವೆ. ಕರುಳಲ್ಲಿ ಗುರಿಯಾಗುವುದು ಇದರ 2ನೇ ಬಗೆ. ಇದೇ ಕುಟುಂಬದ 6ನೇ ಬಗೆ ಮಿದುಳಿನಲ್ಲಿದೆ. ನಡಿಗೆ ತೂರಾಡುವ ಗ್ಲುಟನ್ ಅಟಾಕ್ಸಿಯಾ ರೋಗಿಗಳಲ್ಲಿ ಅದರ ವಿರುದ್ಧದ ಆಂಟಿಬಾಡಿಗಳು ಸಿಕ್ಕಿವೆ. ಮೂರ್ಛೆರೋಗದಲ್ಲೂ ಇಂಥದ್ದೇ ಏನೋ ನಡೆಯುತ್ತಿರಬಹುದು ಅನ್ನುವ ಅನುಮಾನ ಇದೆ, ಆದರೆ ಇನ್ನೂ ಸಾಬೀತಾಗಿಲ್ಲ.

ಎರಡನೆಯದು ಕೊರತೆಯ ದಾರಿ. ಕರುಳು ಹೀರಿಕೊಳ್ಳದಿದ್ದರೆ ಫೋಲೇಟ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿಯುತ್ತವೆ. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ತೀರಾ ಕುಸಿದರೆ ಅಷ್ಟಕ್ಕೇ ಫಿಟ್ಸ್ ಬರಬಹುದು. ಹೀಗೆ ಬಂದ ಫಿಟ್ಸ್‌ಗೆ ಕೊರತೆ ತುಂಬುವುದೇ ಮದ್ದು. ಅದಕ್ಕೇ ಈ ಟೆಸ್ಟುಗಳನ್ನು ಮೊದಲೇ ಮಾಡಿಸಬೇಕು.

ಹಾಗಾದರೆ ಸೀಲಿಯಾಕ್ ಇದ್ದವರಿಗೆಲ್ಲ ಫಿಟ್ಸ್ ಬರುತ್ತದಾ?

ಇಲ್ಲ. ಬಹುಪಾಲು ಜನಕ್ಕೆ ಯಾವತ್ತೂ ಬರುವುದಿಲ್ಲ.

2012ರಲ್ಲಿ ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಬಯಾಪ್ಸಿಯಲ್ಲಿ, ಅಂದರೆ ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ, ಸೀಲಿಯಾಕ್ ಖಚಿತವಾಗಿದ್ದ 28,000ಕ್ಕೂ ಹೆಚ್ಚು ಜನರನ್ನು ಅದರಲ್ಲಿ ಗಮನಿಸಿದ್ದರು. ಬೇರೆಯವರಿಗೆ ಹೋಲಿಸಿದರೆ ಇವರಿಗೆ ಮೂರ್ಛೆರೋಗ ಬರುವ ಸಾಧ್ಯತೆ ಸುಮಾರು 1.4 ಪಟ್ಟು ಇತ್ತು. ಕೇಳುವಾಗ ಗಾಬರಿಯಾಗುತ್ತದೆ, ಅಲ್ವಾ? ಅದನ್ನೇ ಹೀಗೆ ನೋಡಿ. ಒಂದು ಲಕ್ಷ ಸೀಲಿಯಾಕ್ ರೋಗಿಗಳನ್ನು ಒಂದು ವರ್ಷ ಗಮನಿಸಿದರೆ ಹೊಸದಾಗಿ ಮೂರ್ಛೆರೋಗ ಶುರುವಾಗುವುದು 92 ಜನಕ್ಕೆ. ಸೀಲಿಯಾಕ್ ಇಲ್ಲದವರಿಗಿಂತ ಇದು 27 ಜಾಸ್ತಿ. ಅಂದರೆ ನಂಟು ನಿಜ, ಆದರೆ ಒಬ್ಬೊಬ್ಬರ ಲೆಕ್ಕಕ್ಕೆ ಬಂದಾಗ ಅಪಾಯ ಸಣ್ಣದು. ಮಗುವಿಗೆ ಸೀಲಿಯಾಕ್ ಅಂತ ಗೊತ್ತಾದ ತಕ್ಷಣ ಇನ್ನು ಫಿಟ್ಸ್ ಬರುತ್ತದೇನೋ ಅಂತ ರಾತ್ರಿಯೆಲ್ಲ ಕಾಯುತ್ತಾ ಕೂರಬೇಡಿ.

ತಿರುಗಿಸಿ ನೋಡಿದರೂ ನಂಟು ಕಾಣುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮೂರ್ಛೆರೋಗ ಇರುವವರಲ್ಲಿ ಸೀಲಿಯಾಕ್ ಬೇರೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿದೆ.

ಯಾವ ಬಗೆಯ ಫಿಟ್ಸ್ ಕಂಡರೆ ಸೀಲಿಯಾಕ್ ನೆನಪಾಗಬೇಕು?

ಯಾವ ಬಗೆಯದ್ದೂ ಇರಬಹುದು. ಆದರೂ ಒಂದು ಬಗೆಗೆ ವಿಶೇಷ ಗಮನ ಕೊಡಬೇಕು. ಅದು ಮಿದುಳಿನ ಹಿಂಭಾಗದಿಂದ, ಅಂದರೆ ದೃಷ್ಟಿಯನ್ನು ನೋಡಿಕೊಳ್ಳುವ ಜಾಗದಿಂದ ಏಳುವ ಫಿಟ್ಸ್.

ಇದು ನಾವು ಅಂದುಕೊಂಡ ಹಾಗೆ ಇರುವುದಿಲ್ಲ. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಬರೆಯುತ್ತಾ ಕೂತಿದ್ದ ಮಗು ಪೆನ್ಸಿಲ್ ಕೆಳಗಿಟ್ಟು ಕಣ್ಣುಜ್ಜಿಕೊಳ್ಳುತ್ತದೆ. "ಅಮ್ಮಾ, ಬಣ್ಣ ಬಣ್ಣದ ಚುಕ್ಕೆ ಕಾಣ್ತಿದೆ" ಅನ್ನುತ್ತದೆ. ಒಂದೆರಡು ನಿಮಿಷ ಏನೂ ಕಾಣುತ್ತಿಲ್ಲ ಅಂತಲೂ ಹೇಳಬಹುದು. ಆಮೇಲೆ ತಲೆನೋವು, ವಾಂತಿ, ನಿದ್ದೆ. ಎಲ್ಲರೂ ಇದನ್ನು ಮೈಗ್ರೇನ್ ಅಂದುಕೊಳ್ಳುತ್ತಾರೆ. ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ, ಕನ್ನಡಕವೂ ಬರಬಹುದು.

ವ್ಯತ್ಯಾಸ ಗುರುತಿಸಲು ಕೆಲವು ಸುಳಿವುಗಳಿವೆ. ಮೈಗ್ರೇನಿಗೆ ಮೊದಲು ಕಾಣುವುದು ಹೆಚ್ಚಾಗಿ ಅಂಕುಡೊಂಕಾದ ಹೊಳೆಯುವ ಗೆರೆ. ಅದು ನಿಧಾನವಾಗಿ ಹರಡುತ್ತದೆ, 5 ನಿಮಿಷದಿಂದ ಒಂದು ಗಂಟೆಯವರೆಗೂ ಇರುತ್ತದೆ. ಫಿಟ್ಸ್‌ನಲ್ಲಿ ಕಾಣುವುದು ಹೆಚ್ಚಾಗಿ ಬಣ್ಣದ ಗುಂಡಗಿನ ಚುಕ್ಕೆಗಳು. ತಟ್ಟನೆ ಬರುತ್ತವೆ, ಕೆಲವು ಸೆಕೆಂಡಿನಿಂದ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತವೆ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತವೆ. ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಕಂಡದ್ದನ್ನು ಬಿಡಿಸು ಅನ್ನಿ. ಆ ಕಾಗದವನ್ನು ಡಾಕ್ಟರಿಗೆ ತೋರಿಸಿ. ದೊಡ್ಡವರು ಬಾಯಲ್ಲಿ ಹೇಳುವುದಕ್ಕಿಂತ ಅದು ಎಷ್ಟೋ ಸ್ಪಷ್ಟವಾಗಿರುತ್ತದೆ.

ಸ್ಕ್ಯಾನಿನಲ್ಲಿ ಮಿದುಳಿನಲ್ಲಿ ಕ್ಯಾಲ್ಸಿಯಂ ಕಲೆ ಇದೆ ಅಂದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. ಇದನ್ನು ಖಂಡಿತ ಕಡೆಗಣಿಸಬೇಡಿ. ಸೀಲಿಯಾಕ್, ಮೂರ್ಛೆರೋಗ, ಮಿದುಳಿನ ಹಿಂಭಾಗದ ಎರಡೂ ಬದಿಯಲ್ಲಿ ಕ್ಯಾಲ್ಸಿಯಂ ಕಲೆ, ಈ ಮೂರೂ ಒಟ್ಟಿಗೆ ಕಾಣುವ ಒಂದು ಅಪರೂಪದ ಸ್ಥಿತಿ ಇದೆ. ಮೂರರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಸಿಇಸಿ ಸಿಂಡ್ರೋಮ್ ಅನ್ನುತ್ತಾರೆ. ಇಟಲಿಯ ಜ್ಯೂಸೆಪ್ಪೆ ಗೊಬ್ಬಿ ಮತ್ತು ಅವರ ತಂಡದವರು 1992ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಇಟಲಿ, ಸ್ಪೇನ್, ಅರ್ಜೆಂಟೀನಾಗಳಿಂದಲೇ ಹೆಚ್ಚು ವರದಿಗಳು ಬಂದಿವೆ, ಆದರೆ ಬೇರೆ ಕಡೆ ಇಲ್ಲವೇ ಇಲ್ಲ ಅಂತಲ್ಲ.

ಈ ಕಲೆಗಳು ಸ್ಟರ್ಜ್-ವೆಬರ್ ಅನ್ನುವ ಇನ್ನೊಂದು ಕಾಯಿಲೆಯ ಕಲೆಗಳ ಹಾಗೇ ಕಾಣುತ್ತವೆ. ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮುಖದ ಮೇಲೆ ಹುಟ್ಟಿನಿಂದಲೇ ಕೆಂಪು-ನೇರಳೆ ಮಚ್ಚೆ ಇರುತ್ತದೆ. ಮಚ್ಚೆ ಇಲ್ಲ, ಕಲೆ ಮಾತ್ರ ಇದೆ ಅಂದರೆ ಸೀಲಿಯಾಕ್ ಟೆಸ್ಟ್ ಮಾಡಿಸಲೇಬೇಕು. ಸಿ.ಟಿ. ಸ್ಕ್ಯಾನಿನಲ್ಲಿ ಈ ಕಲೆಗಳು ಚೆನ್ನಾಗಿ ಕಾಣುತ್ತವೆ. ಎಂ.ಆರ್.ಐ.ನಲ್ಲಿ ಕೆಲವೊಮ್ಮೆ ತಪ್ಪಿಹೋಗಬಹುದು. ಈ ಸ್ಥಿತಿ ಇರುವವರಲ್ಲಿ ಫೋಲೇಟ್ ಕಡಿಮೆ ಇರುವುದು ಪದೇ ಪದೇ ಕಂಡುಬಂದಿದೆ.

ನಮ್ಮ ಮಗನಿಗೆ ಹೊಟ್ಟೆಯ ತೊಂದರೆ ಏನೂ ಇಲ್ಲ. ಆದರೂ ಸೀಲಿಯಾಕ್ ಇರಬಹುದಾ?

ಇರಬಹುದು. ಭೇದಿ, ಹೊಟ್ಟೆಯುಬ್ಬರ ಏನೂ ಇಲ್ಲದ ಸೀಲಿಯಾಕ್ ರೋಗಿಗಳು ಬೇಕಾದಷ್ಟು ಜನ ಇದ್ದಾರೆ. ಕಬ್ಬಿಣದ ಮಾತ್ರೆ ತಿಂದರೂ ಏರದ ಹಿಮೋಗ್ಲೋಬಿನ್, ವಯಸ್ಸಿಗೆ ತಕ್ಕ ಎತ್ತರ ಬರದಿರುವುದು, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಸದಾ ಸುಸ್ತು, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ, ಹಲ್ಲಿನ ಎನಾಮಲ್ ಸರಿಯಾಗಿ ಬೆಳೆಯದಿರುವುದು. ಸುಳಿವು ಇಂಥ ಕಡೆ ಸಿಗುತ್ತದೆ. ಸಿಇಸಿ ಸಿಂಡ್ರೋಮ್ ಇದ್ದವರಲ್ಲೂ ಹೊಟ್ಟೆಯ ಲಕ್ಷಣ ಕಾಣದೇ ಇರಬಹುದು.

ಫಿಟ್ಸ್ ಇರುವ ಎಲ್ಲರೂ ಸೀಲಿಯಾಕ್ ಟೆಸ್ಟ್ ಮಾಡಿಸಬೇಕಾ?

ಎಲ್ಲರಿಗೂ ಮಾಡಿಸಲೇಬೇಕು ಅನ್ನುವ ಒಮ್ಮತ ಡಾಕ್ಟರುಗಳಲ್ಲಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಾರಣ ಗೊತ್ತಾಗದ ಫಿಟ್ಸ್ ಇದ್ದು ಕೆಳಗಿನ ಒಂದಾದರೂ ಇದ್ದರೆ ಟೆಸ್ಟ್ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ. ದೃಷ್ಟಿಗೆ ಸಂಬಂಧಿಸಿದ ಫಿಟ್ಸ್, ಮಿದುಳಿನಲ್ಲಿ ಕ್ಯಾಲ್ಸಿಯಂ ಕಲೆ, ಸರಿಯಾಗಿ ಆರಿಸಿದ ಎರಡು ಔಷಧಿ ಕೊಟ್ಟರೂ ನಿಲ್ಲದ ಫಿಟ್ಸ್, ರಕ್ತಹೀನತೆ ಅಥವಾ ಫೋಲೇಟ್ ಕೊರತೆ, ಬೆಳವಣಿಗೆ ಕುಂಠಿತವಾಗಿರುವುದು, ಟೈಪ್ 1 ಸಕ್ಕರೆ ಕಾಯಿಲೆ, ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್. ತೋಳಿನಿಂದ ಸ್ವಲ್ಪ ರಕ್ತ ತೆಗೆಯುವ ಪರೀಕ್ಷೆ ಅಷ್ಟೇ. ಕೇಳಲು ಸಂಕೋಚ ಬೇಡ.

ಯಾವ ಟೆಸ್ಟ್? ಹೇಗೆ ಮಾಡುತ್ತಾರೆ?

ಮೊದಲು ಟಿಟಿಜಿ-ಐಜಿಎ ಅನ್ನುವ ರಕ್ತಪರೀಕ್ಷೆ. ಟಿಟಿಜಿ ಅಂದರೆ ಮೇಲೆ ಹೇಳಿದ ಟ್ರಾನ್ಸ್‌ಗ್ಲುಟಮಿನೇಸ್, ಐಜಿಎ ಅಂದರೆ ಆಂಟಿಬಾಡಿಯ ಒಂದು ಬಗೆ. ಅದರ ಜೊತೆಗೇ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಬೇಕು. ಸೀಲಿಯಾಕ್ ಇರುವ ನೂರರಲ್ಲಿ ಎರಡು ಮೂರು ಜನರ ಮೈಯಲ್ಲಿ ಐಜಿಎ ಹುಟ್ಟುವುದೇ ಇಲ್ಲ. ಅವರಿಗೆ ಕಾಯಿಲೆ ಇದ್ದರೂ ಟಿಟಿಜಿ ನಾರ್ಮಲ್ ಅಂತ ಬರುತ್ತದೆ. ಆಗ ಐಜಿಜಿ ಅನ್ನುವ ಇನ್ನೊಂದು ಬಗೆಯ ಆಂಟಿಬಾಡಿಯ ಪರೀಕ್ಷೆ ಬೇಕು. ರಿಪೋರ್ಟಿನಲ್ಲಿ ಒಟ್ಟು ಐಜಿಎ ಸಾಲು ಇದೆಯಾ ಅಂತ ನೀವೇ ಒಮ್ಮೆ ನೋಡಿಕೊಳ್ಳಿ.

ಟಿಟಿಜಿ ಹೆಚ್ಚಿದ್ದರೆ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ, ಸಣ್ಣ ಕರುಳಿನ ಶುರುವಿನ ಭಾಗದಿಂದ ನಾಲ್ಕಾರು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಕ್ಕಳಲ್ಲಿ ಟಿಟಿಜಿ ಮಾಮೂಲಿ ಮಿತಿಗಿಂತ 10 ಪಟ್ಟು ಅಥವಾ ಅದಕ್ಕಿಂತ ಹೆಚ್ಚಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಎಂಡೋಮೈಸಿಯಲ್ ಅನ್ನುವ ಇನ್ನೊಂದು ಆಂಟಿಬಾಡಿಯೂ ಕಂಡರೆ ಬಯಾಪ್ಸಿ ಇಲ್ಲದೆಯೂ ಖಚಿತಪಡಿಸಬಹುದು. ಯುರೋಪಿನ ಮಕ್ಕಳ ಹೊಟ್ಟೆಯ ಡಾಕ್ಟರುಗಳ ಸಂಘ 2020ರ ಮಾರ್ಗಸೂಚಿಯಲ್ಲಿ ಹೀಗೆ ಹೇಳಿದೆ.

ಟೆಸ್ಟ್ ಯಾಕೆ, ಸುಮ್ನೆ ಒಂದು ತಿಂಗಳು ಗೋಧಿ ಬಿಟ್ಟು ನೋಡಿದರೆ ಸಾಲದಾ?

ಸಾಲದು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಕ್ತಪರೀಕ್ಷೆ ಹುಡುಕುವುದು ಗ್ಲುಟನ್ ವಿರುದ್ಧ ಮೈ ತೋರಿಸುವ ಸಿಟ್ಟನ್ನು. ಗ್ಲುಟನ್ ಒಳಗೆ ಹೋಗುವುದು ನಿಂತರೆ ಆಂಟಿಬಾಡಿ ಇಳಿಯುತ್ತಾ ಹೋಗುತ್ತದೆ, ಕರುಳೂ ನಿಧಾನವಾಗಿ ಚಿಗುರುತ್ತದೆ. ಆಗ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಆಮೇಲೆ ಇದೆಯೋ ಇಲ್ಲವೋ ಅನ್ನುವುದು ಜೀವಮಾನವಿಡೀ ಗೊತ್ತಾಗದೆ ಉಳಿಯುತ್ತದೆ. ಸೀಲಿಯಾಕ್ ಪಥ್ಯ, ಅಂದರೆ ಗ್ಲುಟನ್ ಪೂರ್ತಿ ಬಿಡುವುದು, ಸಾಯುವ ತನಕ ಮಾಡಬೇಕಾದ್ದು. ಮದುವೆ ಮನೆ, ಶಾಲೆಯ ಪ್ರವಾಸ, ಹಾಸ್ಟೆಲ್, ಕೆಲಸ ಎಲ್ಲ ಕಡೆಯೂ ಅದು ಜೊತೆಗೇ ಬರುತ್ತದೆ. ಖಚಿತ ಇಲ್ಲದ ಪಥ್ಯವನ್ನು ಹದಿಹರೆಯದ ಮಗ ಎಷ್ಟು ದಿನ ಪಾಲಿಸುತ್ತಾನೆ? ರಿಪೋರ್ಟ್ ಕೈಯಲ್ಲಿದ್ದರೆ ಪಥ್ಯಕ್ಕೆ ಬಲ ಬರುತ್ತದೆ.

ಇನ್ನೊಂದು ವಿಷಯ. ಫಿಟ್ಸ್ ತಾನಾಗಿಯೇ ಏರಿಳಿಯುತ್ತದೆ. ಗೋಧಿ ಬಿಟ್ಟ ತಿಂಗಳು ಫಿಟ್ಸ್ ಬರಲಿಲ್ಲ ಅಂದ ಮಾತ್ರಕ್ಕೆ ಗೋಧಿಯೇ ಕಾರಣ ಅಂತ ಹೇಳಲು ಆಗುವುದಿಲ್ಲ.

ನಾವು ಆಗಲೇ ಗೋಧಿ ಬಿಟ್ಟುಬಿಟ್ಟಿದ್ದೇವೆ. ಈಗೇನು ಮಾಡುವುದು?

ಗಾಬರಿ ಬೇಡ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಅನ್ನುವ ಜೀನ್ ಪರೀಕ್ಷೆಗೆ ಪಥ್ಯದ ಹಂಗಿಲ್ಲ. ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಇರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದೆ ಅಂತ ಬಂದರೆ ಮಾತ್ರ ಏನೂ ತೀರ್ಮಾನ ಆಗುವುದಿಲ್ಲ. ಯಾಕಂದರೆ ನೂರರಲ್ಲಿ ಮೂವತ್ತು ನಲವತ್ತು ಜನಕ್ಕೆ ಈ ಜೀನ್ ಇದ್ದೇ ಇರುತ್ತದೆ, ಕಾಯಿಲೆ ಬರುವುದು ಅವರಲ್ಲಿ ಕೆಲವರಿಗೆ ಮಾತ್ರ. ಆಗ ಕೆಲವು ವಾರ ಮತ್ತೆ ಗ್ಲುಟನ್ ತಿನ್ನಿಸಿ ಪರೀಕ್ಷೆ ಮಾಡಬೇಕಾಗಬಹುದು. ಫಿಟ್ಸ್ ಇರುವವರಲ್ಲಿ ಇದನ್ನು ಮನೆಯಲ್ಲೇ ಪ್ರಯೋಗ ಮಾಡಬೇಡಿ. ನರರೋಗದ ಡಾಕ್ಟರು ಮತ್ತು ಹೊಟ್ಟೆಯ ಡಾಕ್ಟರು ಇಬ್ಬರಿಗೂ ಗೊತ್ತಿರಬೇಕು.

ಸೀಲಿಯಾಕ್ ಖಚಿತವಾಯಿತು. ಪಥ್ಯ ಮಾಡಿದರೆ ಫಿಟ್ಸ್ ನಿಲ್ಲುತ್ತದಾ?

ಕೆಲವರಿಗೆ ನಿಲ್ಲುತ್ತದೆ. ಕೆಲವರಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ಏನೂ ಬದಲಾವಣೆ ಇರುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ, ಪಥ್ಯ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಪ್ರಯೋಜನ ಕಂಡಿತ್ತು. ಫಿಟ್ಸ್ ಕಡಿಮೆಯಾಗುವುದು, ಔಷಧಿಯ ಪ್ರಮಾಣ ಇಳಿಸಲು ಆಗುವುದು, ನಿಲ್ಲಿಸಲೇ ಆಗುವುದು, ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಅದು ಒಟ್ಟು ಸುಮಾರು 80 ರೋಗಿಗಳ ಲೆಕ್ಕ. ಸಣ್ಣ ಸಣ್ಣ ವರದಿಗಳಿಂದ ಕೂಡಿಸಿದ್ದು. ಚೆನ್ನಾಗಿ ಆದವರ ಕಥೆಯೇ ಹೆಚ್ಚು ಪ್ರಕಟವಾಗುತ್ತದೆ ಅನ್ನುವುದನ್ನೂ ಮರೆಯಬಾರದು.

ಸಿಇಸಿ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಒಂದು ವಿಷಯ ಪದೇ ಪದೇ ಕಂಡಿದೆ. ಫಿಟ್ಸ್ ಶುರುವಾದ ಸ್ವಲ್ಪ ಕಾಲದಲ್ಲೇ ಪಥ್ಯ ಶುರುವಾದರೆ ಫಲ ಜಾಸ್ತಿ. ವರ್ಷಗಳಾದ ಮೇಲೆ ಶುರುವಾದರೆ ಫಲ ಕಡಿಮೆ. ಬೇಗ ಟೆಸ್ಟ್ ಮಾಡಿಸಿ ಅಂತ ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೇ.

ಫಿಟ್ಸ್‌ಗೆ ಪ್ರಯೋಜನ ಆಗದಿದ್ದರೂ ಪಥ್ಯ ಬಿಡುವ ಹಾಗಿಲ್ಲ. ಕರುಳು, ಮೂಳೆ, ರಕ್ತ ಇವುಗಳಿಗಾಗಿ ಅದು ಬೇಕೇ ಬೇಕು.

ಪಥ್ಯ ಶುರುವಾದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ನೀವಾಗಿಯೇ ಖಂಡಿತ ಬೇಡ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಇಳಿಸಬೇಕಾದರೆ ಡಾಕ್ಟರೇ ವಾರ ತಿಂಗಳುಗಳ ಲೆಕ್ಕದಲ್ಲಿ ಇಳಿಸುತ್ತಾರೆ.

ಮಾತ್ರೆಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಹಾಳಾದ ಕರುಳು ಆಹಾರವನ್ನು ಹೀರದ ಹಾಗೆ ಕೆಲವರಲ್ಲಿ ಔಷಧಿಯನ್ನೂ ಸರಿಯಾಗಿ ಹೀರುವುದಿಲ್ಲ. ಪಥ್ಯದಿಂದ ಕರುಳು ಸುಧಾರಿಸಿದಾಗ ಅದೇ ಡೋಸಿಗೆ ರಕ್ತದಲ್ಲಿ ಔಷಧಿಯ ಮಟ್ಟ ಏರಬಹುದು. ತಲೆಸುತ್ತು, ತೂಕಡಿಕೆ, ತೂರಾಟ ಹೊಸದಾಗಿ ಶುರುವಾದರೆ ಪಥ್ಯ ಒಗ್ಗುತ್ತಿಲ್ಲ ಅಂದುಕೊಳ್ಳಬೇಡಿ. ಔಷಧಿಯ ಮಟ್ಟ ಪರೀಕ್ಷಿಸಿ ಅಂತ ಕೇಳಿ.

ಕೊರತೆಗಳ ವಿಷಯವೂ ಹೀಗೇ. ಫೆನಿಟಾಯಿನ್, ಫಿನೋಬಾರ್ಬಿಟಾಲ್ ಥರದ ಹಳೆಯ ಔಷಧಿಗಳು ಫೋಲೇಟನ್ನೂ ವಿಟಮಿನ್ ಡಿಯನ್ನೂ ಇಳಿಸುತ್ತವೆ. ಸೀಲಿಯಾಕ್ ಕೂಡ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಮೂಳೆಗೆ ಇಮ್ಮಡಿ ಪೆಟ್ಟು. ಹಾಗಂತ ಫೋಲೇಟಿಗಾಗಿ ಕೊಡುವ ಫೋಲಿಕ್ ಆಸಿಡ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಅದು ಫೆನಿಟಾಯಿನ್ ಮಟ್ಟವನ್ನು ಇಳಿಸಬಹುದು. ಬಿ12 ಕೊರತೆ ಇದ್ದರೆ ಅದನ್ನು ಮರೆಮಾಚಲೂಬಹುದು.

ಮಾತ್ರೆಯಲ್ಲೇ ಗ್ಲುಟನ್ ಇದ್ದರೆ?

ಹೆಚ್ಚಿನ ಮಾತ್ರೆಗಳಲ್ಲಿ ಇರುವುದಿಲ್ಲ. ಕೆಲವೊಂದರಲ್ಲಿ ಗೋಧಿ ಪಿಷ್ಟ ಬಳಸಿರಬಹುದು. ಔಷಧಿ ಅಂಗಡಿಯವರನ್ನು ಕೇಳಿ, ಬ್ರ್ಯಾಂಡ್ ಬದಲಾದಾಗಲೆಲ್ಲ ಮತ್ತೆ ಕೇಳಿ. ಉತ್ತರ ಸಿಗುವವರೆಗೂ ಮಾತ್ರೆ ತಪ್ಪಿಸಬೇಡಿ.

ಸ್ವಲ್ಪವೇ ಸ್ವಲ್ಪ ತಿಂದರೆ ಏನಾಗುತ್ತದೆ?

ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ತುಂಡಿನ ನಲವತ್ತನೇ ಒಂದು ಪಾಲು, ಮೂರು ತಿಂಗಳು ಒಳಗೆ ಹೋದರೂ ಕರುಳಿಗೆ ಹಾನಿಯಾಗುವುದು ಪರೀಕ್ಷೆಯಲ್ಲಿ ಕಂಡಿದೆ. ಹಾಗಾಗಿ ಬ್ರೆಡ್ ಬಿಟ್ಟರೆ ಸಾಲದು, ಅದರ ಪುಡಿಯನ್ನೂ ತಪ್ಪಿಸಬೇಕು. ಅಡುಗೆಮನೆಯಲ್ಲಿ ಕಣ್ಣಿಡಬೇಕಾದ ಜಾಗಗಳು ಯಾವುವು ಗೊತ್ತಾ? ಹಿಟ್ಟಿನ ಜರಡಿ, ಮರದ ಸೌಟು, ಟೋಸ್ಟರ್, ಒಮ್ಮೆ ಕರಿದ ಎಣ್ಣೆ, ಎಲ್ಲರೂ ಅದೇ ಚಮಚ ಅದ್ದುವ ಬೆಣ್ಣೆ ಡಬ್ಬಿ. ಇವುಗಳಲ್ಲಿ ರೋಗಿಗೆ ಬೇರೆಯದೇ ಇಡುವುದು ಒಳ್ಳೆಯದು.

ಅಕ್ಕಿ, ಮೆಕ್ಕೆಜೋಳ, ಸಿರಿಧಾನ್ಯ, ಬೇಳೆಕಾಳು, ಆಲೂಗಡ್ಡೆ ಇವುಗಳಲ್ಲಿ ಗ್ಲುಟನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಬೆರಕೆಯಾಗುತ್ತದೆ. ಮಾಲ್ಟ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು. ಸಾಸ್, ಸೂಪ್ ಪುಡಿಗಳ ಪಟ್ಟಿಯನ್ನು ಓದಿಯೇ ಕೊಳ್ಳಿ. ಗ್ಲುಟನ್ ರಹಿತ ಅನ್ನುವ ಗುರುತಿಗೆ ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ.

ಸೀಲಿಯಾಕ್ ಇಲ್ಲ ಅಂತ ಬಂತು. ಆದರೂ ಗೋಧಿ ಬಿಟ್ಟರೆ ಫಿಟ್ಸ್‌ಗೆ ಒಳ್ಳೆಯದಾ?

ಹಾಗೆ ಹೇಳಲು ಆಧಾರ ಇಲ್ಲ. ಮೂರ್ಛೆರೋಗ ಇರುವ ಮಗುವಿಗೆ ಆಗಲೇ ಎಷ್ಟೋ ಕಟ್ಟುಪಾಡುಗಳಿವೆ. ಕಾರಣವಿಲ್ಲದೆ ಇನ್ನೊಂದನ್ನು ಹೇರುವುದು ನನಗೆ ಸರಿ ಕಾಣುವುದಿಲ್ಲ.

ಕೀಟೋ ಪಥ್ಯ ಅಂದರೆ ಇದೇನಾ?

ಅಲ್ಲ. ಕೀಟೋ ಪಥ್ಯದಲ್ಲಿ ಕೊಬ್ಬು ತುಂಬಾ ಜಾಸ್ತಿ, ಹಿಟ್ಟು ಸಕ್ಕರೆಯ ಅಂಶ ತುಂಬಾ ಕಡಿಮೆ. ಔಷಧಿಗೆ ಬಗ್ಗದ ಫಿಟ್ಸ್‌ಗೆ ಆಸ್ಪತ್ರೆಯ ಉಸ್ತುವಾರಿಯಲ್ಲಿ ಕೊಡುತ್ತಾರೆ. ಸೀಲಿಯಾಕ್ ಪಥ್ಯದಲ್ಲಿ ಗ್ಲುಟನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಿನ್ನಬಹುದು.

ಮಕ್ಕಳಾಗಬೇಕು ಅಂತಿರುವ ಹೆಣ್ಣುಮಕ್ಕಳು ಏನು ಗಮನಿಸಬೇಕು?

ಗರ್ಭ ನಿಲ್ಲುವ ಮೊದಲೇ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲು ಫೋಲೇಟ್ ಬೇಕು. ಸೀಲಿಯಾಕ್ ಮತ್ತು ಕೆಲವು ಫಿಟ್ಸ್ ಔಷಧಿಗಳು ಎರಡೂ ಅದನ್ನು ಕಸಿಯುತ್ತವೆ. ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಈ ಮಾತುಕತೆ ಇನ್ನೂ ಮುಖ್ಯ, ಅದರಿಂದ ಮಗುವಿಗೆ ಅಪಾಯ ಇದೆ. ಹಾಗಂತ ಹೆದರಿ ಮಾತ್ರೆ ಬಿಡಬೇಡಿ. ಬೇರೆ ಔಷಧಿಗೆ ಬದಲಿಸುವ ದಾರಿ ಇರುತ್ತದೆ.

ಅಣ್ಣತಮ್ಮ, ಅಕ್ಕತಂಗಿಯರಿಗೂ ಟೆಸ್ಟ್ ಬೇಕಾ?

ಬೇಕು. ಸೀಲಿಯಾಕ್ ಇರುವವರ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇರುವ ಸಾಧ್ಯತೆ ಇದೆ. ಆರಾಮಾಗಿ ಕಂಡರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ.

ಫಿಟ್ಸ್ ಬಂದ ಹೊತ್ತಿಗೆ ಏನು ಮಾಡಬೇಕು?

ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ. ಅಮುಕಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಇನ್ನೊಂದು ಬಂದರೆ, ಅಥವಾ ಇದೇ ಮೊದಲ ಸಲ ಆದರೆ ಕೂಡಲೇ ಆಂಬುಲೆನ್ಸ್ ಕರೆಯಿರಿ.

ಡಾಕ್ಟರ ಹತ್ತಿರ ಹೋಗುವಾಗ ಏನು ಬರೆದುಕೊಂಡು ಹೋಗಬೇಕು?

ಒಂದು ನೋಟ್‌ಬುಕ್ ಸಾಕು. ಪ್ರತಿ ಫಿಟ್ಸ್‌ಗೆ ತಾರೀಖು, ಹೊತ್ತು, ಎಷ್ಟು ನಿಮಿಷ, ಶುರುವಿನಲ್ಲಿ ಏನು ಕಂಡಿತು ಅಥವಾ ಅನ್ನಿಸಿತು, ಮುಗಿದ ಮೇಲೆ ಹೇಗಿದ್ದರು ಅಂತ ಬರೆಯಿರಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಮಗುವಿನ ತೂಕ, ಎತ್ತರವನ್ನು ತಿಂಗಳಿಗೊಮ್ಮೆ ಗುರುತು ಹಾಕಿ. ಹಳೆಯ ಹಿಮೋಗ್ಲೋಬಿನ್ ರಿಪೋರ್ಟುಗಳನ್ನು ಎಸೆಯಬೇಡಿ, ಅವು ಬೇಕಾಗುತ್ತವೆ. ಪಥ್ಯ ಶುರುವಾದ ದಿನ ಮತ್ತು ಟಿಟಿಜಿ ಸಂಖ್ಯೆ ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಿ. ಪಥ್ಯ ಸರಿಯಾಗಿ ನಡೆಯುತ್ತಿದ್ದರೆ ಆ ಸಂಖ್ಯೆ ತಿಂಗಳು ಕಳೆದಂತೆ ಇಳಿಯಬೇಕು, ಮಾಮೂಲಿಗೆ ಬರಲು ಒಂದೆರಡು ವರ್ಷವೂ ಹಿಡಿಯಬಹುದು. ಇಳಿಯದೆ ಅಲ್ಲೇ ನಿಂತಿದ್ದರೆ ಔಷಧಿ ಬದಲಿಸುವ ಮೊದಲು ಊಟದಲ್ಲಿ ಎಲ್ಲಿಂದ ಗ್ಲುಟನ್ ಸೇರುತ್ತಿದೆ ಅಂತ ಆಹಾರ ತಜ್ಞರ ಜೊತೆ ಕೂತು ಹುಡುಕಬೇಕು.